ಕೂಲಿಮಠದ ಮಗ್ಗಿಯಿಂದ ಪಾಸಿಂಗ್ ಪ್ಯಾಕೇಜಿನವರೆಗೆ

ಇಂದಿನ ಅರ್ಥದ ಪರೀಕ್ಷೆ ಕನ್ನಡ ನಾಡಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ಊರ ಕೂಲಿಮಠದಲ್ಲಿ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಕಾಲು, ಅರೆ, ಮುಕ್ಕಾಲರ ಮಗ್ಗಿ, ಅಮರಕೋಶ, ಜೈಮಿನಿ ಭಾರತದ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಕಲಿತದ್ದನ್ನು ಅವರ ಮುಂದೆ ಒಪ್ಪಿಸುವುದೇ ಪರೀಕ್ಷೆ. ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಹಾಡುತ್ತಿದ್ದರು. ಅಯ್ಯನವರಿಗೆ ಕಾಣಿಕೆ ಬರುತ್ತಿತ್ತು, ಯಾರ ಮಗ ಎಷ್ಟು ಕಲಿತಿದ್ದಾನೆಂಬುದು ಊರಿಗೆ ತಿಳಿಯುತ್ತಿತ್ತು. ಕಲಿಸುವವರು, ಪರೀಕ್ಷಿಸುವವರು ಒಬ್ಬರೇ ಆದ್ದರಿಂದ ಬೇರೆ ತಯಾರಿಯ ಮಾತೇ ಇರಲಿಲ್ಲ.

ಶಿಕ್ಷಣ ಕುರಿತ 1854ರ ವುಡ್ ವರದಿಯ ನಂತರ ಈ ವ್ಯವಸ್ಥೆ ಬದಲಾಯಿತು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಅವುಗಳ ಪ್ರವೇಶ ಪರೀಕ್ಷೆಯೇ ಮೆಟ್ರಿಕ್ಯುಲೇಷನ್. ಮೈಸೂರು ಸಂಸ್ಥಾನದ ಹುಡುಗರು ಮದ್ರಾಸಿನ ಪರೀಕ್ಷೆಗೆ, ಧಾರವಾಡ, ಬೆಳಗಾವಿ ಕಡೆಯವರು ಮುಂಬಯಿಯ ಪರೀಕ್ಷೆಗೆ ಕೂರಬೇಕಾಯಿತು. ಕಂಡರಿಯದ ಊರಿನಲ್ಲಿ ಅಚ್ಚಾದ ಪ್ರಶ್ನೆಪತ್ರಿಕೆಗೆ, ಅದೂ ಬಹುಪಾಲು ಇಂಗ್ಲಿಷಿನಲ್ಲಿ, ಉತ್ತರ ಬರೆಯುವುದು ಹೊಸ ಬಗೆಯ ಕಸುಬಾಯಿತು. ಮದ್ರಾಸ್, ಮುಂಬಯಿ ಪ್ರಾಂತ್ಯಗಳಲ್ಲಿ ಕೆಲಕಾಲ ಶಾಲೆಗಳ ಅನುದಾನವೂ ಫಲಿತಾಂಶವನ್ನು ಅವಲಂಬಿಸಿತ್ತು. ಇನ್ಸ್‌ಪೆಕ್ಟರು ಬರುವ ದಿನಕ್ಕಾಗಿ ಮಾಸ್ತರರು ಮಕ್ಕಳನ್ನು ತಾಲೀಮು ಮಾಡಿಸುವ ರೂಢಿ ಬೆಳೆದದ್ದು ಆಗ.

ಮೆಟ್ರಿಕ್ ಎಲ್ಲರ ಕೈಗೆಟುಕುವ ಪರೀಕ್ಷೆಯಾಗಿರಲಿಲ್ಲ. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಹೆಚ್ಚು ಬೆಲೆಯಿದ್ದದ್ದು ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ. ಅದರಲ್ಲಿ ಪಾಸಾದವನಿಗೆ ಕನ್ನಡ ಸಾಲಿಯ ಮಾಸ್ತರಿಕೆಯೋ ತಲಾಟಿ ಕೆಲಸವೋ ಸಿಗುವ ಭರವಸೆಯಿತ್ತು. ಮೈಸೂರಿನ ಕಡೆ ಇದೇ ಬಗೆಯ ಮೆಟ್ಟಿಲು ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ. ಹೈದರಾಬಾದ್ ಕರ್ನಾಟಕದ ಮಕ್ಕಳ ಪಾಡು ಬೇರೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಮನೆಯಲ್ಲಿ ಕನ್ನಡ ಆಡುವವರೂ ಉರ್ದುವಿನಲ್ಲಿ ಓದಿ ಪರೀಕ್ಷೆ ಬರೆಯಬೇಕಿತ್ತು. ಅಲ್ಲಿ ಅಪ್ಪ ಅಮ್ಮ ಕೂರಿಸಿಕೊಂಡು ಹೇಳಿಕೊಡುವುದು ಬಹಳ ಮನೆಗಳಲ್ಲಿ ಆಗದ ಮಾತಾಗಿತ್ತು.

ಆ ಕಾಲದಲ್ಲಿ ಓದುವ ಹುಡುಗನಿಗೆ ಬೇಕಿದ್ದ ಮೊದಲ ನೆರವು ಪಾಠವಲ್ಲ, ಅನ್ನ. ಹೈಸ್ಕೂಲು ಇದ್ದದ್ದು ಪಟ್ಟಣದಲ್ಲಿ. ಹಳ್ಳಿಯಿಂದ ಬಂದ ಬಡ ಹುಡುಗರು ವಾರಾನ್ನದ ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು, ರಾತ್ರಿ ಬುಡ್ಡಿದೀಪದ ಬೆಳಕಿನಲ್ಲಿ ಓದುತ್ತಿದ್ದರು. ಆದರೆ ವಾರಾನ್ನ ಹೆಚ್ಚಾಗಿ ಬ್ರಾಹ್ಮಣರ ಹುಡುಗರಿಗೆ ಒದಗುತ್ತಿದ್ದ ಅನುಕೂಲ. ಉಳಿದವರಿಗೆ ದಾರಿ ತೆರೆದದ್ದು ಮಠಗಳ ಪ್ರಸಾದ ನಿಲಯಗಳು ಮತ್ತು ಸಮುದಾಯಗಳ ಹಾಸ್ಟೆಲುಗಳು. ತುಮಕೂರಿನ ಸಿದ್ಧಗಂಗಾ ಮಠ, ಧಾರವಾಡದ ಮುರುಘಾಮಠ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಇವುಗಳಿಂದಾಗಿ ಮನೆತನದಲ್ಲೇ ಮೊದಲ ಸಲ ಪರೀಕ್ಷೆಗೆ ಕೂತವರು ಅಸಂಖ್ಯ.

ಅನ್ನದ ಬೆನ್ನಿಗೆ ಮನೆಪಾಠ ಬಂತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಎಂ. ವಿಶ್ವೇಶ್ವರಯ್ಯನವರು ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡರು. ದೊಡ್ಡ ತರಗತಿಯ ಬಡ ಹುಡುಗ ಚಿಕ್ಕ ತರಗತಿಯ ಅನುಕೂಲಸ್ಥರ ಮಗುವಿಗೆ ಹೇಳಿಕೊಡುವ ಈ ಏರ್ಪಾಟು ಮುಂದೆ ಟ್ಯೂಷನ್ ಎಂಬ ದಂಧೆಯಾಗಿ ಬೆಳೆಯಿತು. ಪರೀಕ್ಷೆಯ ಓದಿನ ಟೀಕೆಯೂ ಬಹಳ ಬೇಗ ಶುರುವಾಯಿತು. ಪಾಸಾಗುವ ಮಗನೇ ಗಟ್ಟಿ, ನಪಾಸಾದವನು ಟೊಳ್ಳು ಎಂಬ ಮನೆಯವರ ಲೆಕ್ಕವನ್ನು ಟಿ.ಪಿ. ಕೈಲಾಸಂ ತಮ್ಮ ‘ಟೊಳ್ಳುಗಟ್ಟಿ’ ನಾಟಕದಲ್ಲಿ ತಲೆಕೆಳಗು ಮಾಡಿದರು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ನೆಲೆಗೊಂಡಿತು. 1956ರ ಏಕೀಕರಣದ ವೇಳೆಗೆ ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಪರೀಕ್ಷೆಯಿತ್ತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಯಿತು. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ ಎಂದಾದಾಗ ಒಂದೇ ಗೈಡನ್ನು ಬೀದರಿನಿಂದ ಚಾಮರಾಜನಗರದವರೆಗೆ ಮಾರುವುದೂ ಸಾಧ್ಯವಾಯಿತು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಸಿದ್ಧ ಉತ್ತರದ ಗೈಡು, ಅಚ್ಚುಕಟ್ಟಾದ ನೋಟ್ಸು ಮನೆಯ ಓದಿನ ಮುಖ್ಯ ಸಲಕರಣೆಗಳಾದವು.

ಅನಂತರ ಪರೀಕ್ಷೆಗಳು ಕೆಳಗಿನ ತರಗತಿಗೂ ಇಳಿದವು. 1986ರ ಶಿಕ್ಷಣ ನೀತಿಯ ಹೊತ್ತಿನಲ್ಲಿ ಆರಂಭವಾದ ನವೋದಯ ವಿದ್ಯಾಲಯಗಳ ಆಯ್ಕೆ ಪರೀಕ್ಷೆಯನ್ನು ಬರೆಯುವವರು ಐದನೆಯ ತರಗತಿಯ ಮಕ್ಕಳು. ಎರಡು ಗಂಟೆಯಲ್ಲಿ 80 ಪ್ರಶ್ನೆ; ಅವುಗಳಲ್ಲಿ ಅರ್ಧ ಮಾನಸಿಕ ಸಾಮರ್ಥ್ಯದವು, ಅಂದರೆ ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಆಕೃತಿ ಹೇಗೆ ಕಾಣುತ್ತದೆ ಎಂಬಂಥವು. ಪಠ್ಯಪುಸ್ತಕದಲ್ಲಿ ಇಂಥವು ಇಲ್ಲದ್ದರಿಂದ ಹಳ್ಳಿಯ ಶಿಕ್ಷಕರು ಬೆಳಗ್ಗೆ ಸಂಜೆ ಬೇರೆ ತರಗತಿ ನಡೆಸಿ, ಓಎಂಆರ್ ಹಾಳೆಯ ವೃತ್ತ ತುಂಬುವುದನ್ನೂ ಹೇಳಿಕೊಡಬೇಕಾಯಿತು.

ಎಸ್ಸೆಸ್ಸೆಲ್ಸಿಯಲ್ಲಿ ತಯಾರಿಯ ಹೊಣೆಯನ್ನು ಕೊನೆಗೆ ಶಾಲೆಯೇ ಹೊತ್ತಿತು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಯಾವ ಪಾಠಕ್ಕೆ ಎಷ್ಟು ಅಂಕವೆಂದು ಮೊದಲೇ ತಿಳಿಸುತ್ತಿದ್ದುದರಿಂದ, ನಪಾಸಾಗುವ ಭಯವಿರುವ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಸಿದ್ಧವಾಯಿತು. ಭಾರತದ ನಕ್ಷೆ, ಪೈಥಾಗೊರಸ್ ಮತ್ತು ಥೇಲ್ಸ್ ಪ್ರಮೇಯ, ವಿಜ್ಞಾನದ ಕೆಲವು ಚಿತ್ರಗಳು, ಕಂಠಪಾಠದ ಪದ್ಯ, ಪತ್ರಲೇಖನ ಇಷ್ಟನ್ನು ಮತ್ತೆ ಮತ್ತೆ ಬರೆಸಿ ಕೈಗೆ ಕೂರಿಸಿದರೆ ದಡ ಸೇರಬಹುದು ಎಂಬುದು ಅದರ ಲೆಕ್ಕ. 2021ರಲ್ಲಿ ಕೊರೋನಾ ಕಾರಣಕ್ಕೆ ಪರೀಕ್ಷೆ ಎರಡೇ ದಿನದ ಬಹು ಆಯ್ಕೆಯ ಪ್ರಶ್ನೆಗಳಿಗೆ ಇಳಿದಾಗ, ಅಭ್ಯಾಸವೂ ತಕ್ಷಣ ಆ ಮಾದರಿಗೆ ತಿರುಗಿತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂತು. ಅದೇ ವರ್ಷ 5, 8, 9ನೆಯ ತರಗತಿಗಳಿಗೆ ನಡೆಸಿದ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು.

ಅಯ್ಯನವರ ಕಾಲದಿಂದ ಇಲ್ಲಿಯವರೆಗೆ ಒಂದು ನಿಯಮ ತಪ್ಪಿಲ್ಲ: ಪರೀಕ್ಷೆ ಏನನ್ನು ಕೇಳುತ್ತದೋ ಮನೆ ಮತ್ತು ಶಾಲೆ ಅದನ್ನೇ ಕಲಿಸುತ್ತವೆ. ಬಾಯಿಪಾಠವನ್ನೂ ಗೈಡನ್ನೂ ಟ್ಯೂಷನ್ನನ್ನೂ ಬೈದು ಉಪಯೋಗವಿಲ್ಲ. ತಯಾರಿಯ ಕ್ರಮ ಸುಧಾರಿಸಬೇಕಾದರೆ ಮೊದಲು ಸುಧಾರಿಸಬೇಕಾದದ್ದು ಪ್ರಶ್ನೆಪತ್ರಿಕೆ.