ಕಲ್ಯಾಣದ ಬಾಗಿಲಿಗೆ ಬಂದ ತಿರುಕ

ಮಳವಳ್ಳಿ ಕಡೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿಯು 12ನೆಯ ಶತಮಾನದ ಬಸವಣ್ಣನ ಬಾಗಿಲಿಗೆ ಬರುತ್ತಾನೆ. ವಿದ್ವಾಂಸರೋ ಅವನನ್ನು ಮೂರು ನಾಲ್ಕು ಶತಮಾನ ಈಚಿನವನೆನ್ನುತ್ತಾರೆ. ಕಾಲದೋಷವೆಂದು ನಾನೂ ಒಮ್ಮೆ ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ಅದು ನನ್ನ ಅವಸರ. ನಾರುವ ಮೈಯ ತಿರುಕನಾಗಿ ಬಂದವನನ್ನು ಜಂಗಮರು ಅಟ್ಟುತ್ತಾರೆ. ಬಸವಣ್ಣ ಲೋಕಕ್ಕೆ ಹಾಕಿದ ಪ್ರಶ್ನೆ ಅವನ ಮನೆಯಂಗಳದಲ್ಲೇ ಒರೆಗೆ ಬೀಳುತ್ತದೆ. ಶರಣರನ್ನು ಬರಿದೆ ಹೊಗಳುವ ಪುರಾಣಗಳಿಗಿಂತ ಈ ಕಟ್ಟುಕಥೆಯೇ ಅವನಿಗೆ ಹತ್ತಿರವೆಂದು ಈಗ ನನಗೆ ತೋರುತ್ತದೆ.

ಅದ್ಭುತವು ಕಲ್ಯಾಣದಲ್ಲೇ ನಿಲ್ಲದೆ ನಮ್ಮ ಹಲಗೂರಿಗೂ ಇಳಿಯುತ್ತದೆ. ಶಿಷ್ಯ ಸಿದ್ದಪ್ಪಾಜಿ ಅಲ್ಲಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಬೇಕು. ಅಲ್ಲಿಯೂ ಅದೇ ಪ್ರಶ್ನೆ: ಇದ್ದವನು ಬೇಡಿದವನಿಗೆ ಕೊಟ್ಟಾನೆಯೆ?

1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯವನ್ನು ಅಚ್ಚುಮಾಡಿತು. ಆದರೂ ಬೊಪ್ಪೇಗೌಡನಪುರದ ಗದ್ದುಗೆಯ ಮುಂದೆ ಕುಳಿತು ಕೇಳುವುದೇ ಬೇರೆ.