ಹುಮಾಯೂನ್ ಸಮಾಧಿಯ ಶಿಬಿರದಲ್ಲಿ ಅನೀಸ್ ಕಿದ್ವಾಯಿ

ದೇಶ ವಿಭಜನೆ ಎಂದರೆ ನಮಗೆ ನೆನಪಾಗುವುದು ಜಿನ್ನಾ, ನೆಹರೂ, ಮೌಂಟ್‌ಬ್ಯಾಟನ್. ನಿರಾಶ್ರಿತರ ಶಿಬಿರಗಳಲ್ಲಿ ದುಡಿದ ಮಹಿಳೆಯರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅಂಥವರಲ್ಲಿ ಅನೀಸ್ ಕಿದ್ವಾಯಿ ಒಬ್ಬರು.

ಅವರ ಪತಿ ಶಫಿ ಅಹ್ಮದ್ ಕಿದ್ವಾಯಿ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಸಹೋದರ. ಮಸ್ಸೂರಿಯಲ್ಲಿ ನಗರಾಡಳಿತದ ಅಧಿಕಾರಿಯಾಗಿದ್ದ ಅವರನ್ನು 1947ರ ಅಕ್ಟೋಬರ್‌ನಲ್ಲಿ ಕೊಲ್ಲಲಾಯಿತು. ದುಃಖದಲ್ಲಿ ಮುಳುಗಿದ್ದ ಅನೀಸ್ ದೆಹಲಿಗೆ ಬಂದು ಗಾಂಧೀಜಿಯನ್ನು ಕಂಡರು. ಶಿಬಿರಗಳಿಗೆ ಹೋಗಿ ನೊಂದವರ ಸೇವೆ ಮಾಡುವಂತೆ ಗಾಂಧೀಜಿ ಅವರಿಗೆ ತಿಳಿಸಿದರು.

ಆಗ ದೆಹಲಿಯ ಮುಸ್ಲಿಮರು ಸಾವಿರ ಸಾವಿರ ಸಂಖ್ಯೆಯಲ್ಲಿ ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿಯ ಆವರಣದಲ್ಲಿ ಆಶ್ರಯ ಪಡೆದಿದ್ದರು. ಡೇರೆ, ನೀರು, ಕಕ್ಕಸು ಯಾವುದೂ ಸಾಲದು. ಸುಭದ್ರಾ ಜೋಶಿ, ಮೃದುಲಾ ಸಾರಾಭಾಯಿಯವರೊಂದಿಗೆ ಅನೀಸ್ ಅಲ್ಲಿ ದುಡಿದರು. ಪತಿಯನ್ನು ಕಳೆದುಕೊಂಡ ಮುಸ್ಲಿಂ ಮಹಿಳೆ ಅನ್ಯಧರ್ಮದ ಗೆಳತಿಯರ ಜೊತೆ ಸೇರಿ ಅದೇ ದೆಹಲಿಯಲ್ಲಿ ಕೆಲಸ ಮಾಡಿದರೆಂಬುದು ಸಣ್ಣ ಮಾತಲ್ಲ.

ಅತ್ಯಂತ ಕಠಿಣವಾದುದು ಅಪಹೃತ ಮಹಿಳೆಯರ ಪ್ರಶ್ನೆ. ಸರಕಾರಿ ಅಂದಾಜಿನಂತೆ ಭಾರತದಲ್ಲಿ ಅಪಹರಣಕ್ಕೊಳಗಾದ ಮುಸ್ಲಿಂ ಮಹಿಳೆಯರು 50,000. ಪಾಕಿಸ್ತಾನದಲ್ಲಿ ಹಿಂದೂ ಮತ್ತು ಸಿಖ್ ಮಹಿಳೆಯರು 33,000. ಇವರನ್ನು ಹುಡುಕಿ ಮರಳಿಸಲು 1947ರ ಡಿಸೆಂಬರ್‌ನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. 1949ರಲ್ಲಿ ಭಾರತ ಕಾನೂನನ್ನೇ ಮಾಡಿತು. ಆದರೆ ಆ ಕಾನೂನು ಮಹಿಳೆಯ ಇಚ್ಛೆಯನ್ನು ಕೇಳಲಿಲ್ಲ. ಕೆಲವರು ಮರಳಲು ಒಪ್ಪಲಿಲ್ಲ. ಮನೆಯವರು ಸ್ವೀಕರಿಸುವರೇ ಎಂಬ ಭಯ, ಮಡಿಲಲ್ಲಿದ್ದ ಮಗುವಿನ ಚಿಂತೆ ಅವರಿಗಿತ್ತು. ರಾಜ್ಯಗಳು ತಮ್ಮ ಮಾನವನ್ನು ಲೆಕ್ಕ ಹಾಕಿದವು, ಮಹಿಳೆಯ ಮನಸ್ಸನ್ನಲ್ಲ ಎಂದೇ ನಾವು ಹೇಳಬೇಕಾಗುತ್ತದೆ. ಅನೀಸ್ ಈ ಮಹಿಳೆಯರ ಸಂಕಟವನ್ನು ಹತ್ತಿರದಿಂದ ಕಂಡು ಬರೆದಿಟ್ಟರು.

ಹೊಟ್ಟೆಪಾಡಿನ ಪ್ರಶ್ನೆಗಾದರೂ ಒಂದಿಷ್ಟು ಉತ್ತರ ಸಿಕ್ಕಿತು. ನಮ್ಮ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರು ಫರೀದಾಬಾದಿನಲ್ಲಿ ನೆಲೆಯೂರಲು ನೆರವಾದರು. ದಾನ ಕೊಡುವುದಕ್ಕಿಂತ ಸಹಕಾರ ಸಂಘ ಕಟ್ಟಿ ಸ್ವಂತ ಕಾಲ ಮೇಲೆ ನಿಲ್ಲಿಸುವುದು ಅವರ ದಾರಿ. ಮನಸ್ಸಿನ ಗಾಯದ ಆರೈಕೆಗೆ ಮಾತ್ರ ಇಂಥ ಯಾವ ಏರ್ಪಾಡೂ ಆಗಲಿಲ್ಲ. ಶಿಬಿರದಲ್ಲಿ ಪಕ್ಕದಲ್ಲಿ ಕುಳಿತು ಆಲಿಸುವ ಇನ್ನೊಬ್ಬ ಹೆಂಗಸೇ ಅಲ್ಲಿದ್ದ ಏಕೈಕ ಮದ್ದು.

ಅನೀಸ್ 1956ರಿಂದ 1968ರವರೆಗೆ ರಾಜ್ಯಸಭೆಯ ಸದಸ್ಯೆಯಾಗಿದ್ದರು. ಅವರ ಉರ್ದು ನೆನಪುಗಳು 'ಆಜಾದಿ ಕೀ ಛಾಂವ್ ಮೇ' ಎಂಬ ಹೆಸರಿನಲ್ಲಿ ಪ್ರಕಟವಾದದ್ದು 1974ರಲ್ಲಿ. ಅದು ಇಂಗ್ಲಿಷಿಗೆ ಬರಲು 2011ರವರೆಗೆ ಕಾಯಬೇಕಾಯಿತು. ವಿಭಜನೆ ಮನಸ್ಸಿನ ಮೇಲೆ ಮಾಡಿದ ಆಘಾತದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಸಂಜೀವ್ ಜೈನ್ ಮತ್ತು ಅಲೋಕ್ ಸರೀನ್ ಸಂಪಾದಿಸಿದ ಗ್ರಂಥ 2018ರಲ್ಲಿ ಹೊರಬಂತು. ಅಷ್ಟರಲ್ಲಿ ಆ ಶಿಬಿರಗಳನ್ನು ಕಂಡ ಬಹುತೇಕ ಮಹಿಳೆಯರು ತೀರಿಕೊಂಡಿದ್ದರು.