ರಾಟೆ, ಬೀಸುಕಲ್ಲು, ಗಣಿ: ಹೆಣ್ಣಿನ ದುಡಿಮೆಯ ಕಾವ್ಯ

ತೆಲುಗಿನ ಶ್ರಮಜೀವಿ ಕಾವ್ಯದ ಚರಿತ್ರೆಯನ್ನು ವಿಶಾಖಪಟ್ಟಣದಿಂದ ಆರಂಭಿಸುವುದು ವಾಡಿಕೆ. ಶ್ರೀಶ್ರೀ 1910ರಲ್ಲಿ ಅಲ್ಲಿ ಜನಿಸಿದರು. 1933ರಲ್ಲಿ ಅಲ್ಲಿಯ ಬಂದರು ತೆರೆಯಿತು. ಆ ದಶಕದ ಅವರ ಕವಿತೆಗಳು 1950ರಲ್ಲಿ 'ಮಹಾಪ್ರಸ್ಥಾನಂ' ಆಗಿ ಪ್ರಕಟವಾದವು. ಆದರೆ ಆ ಕಾವ್ಯದ ಶ್ರಮಿಕ ಬಹುಮಟ್ಟಿಗೆ ಗಂಡಸು. ಮುದುಕಿಯೊಬ್ಬಳು ಬರುತ್ತಾಳೆ, ನಿಜ, ಆದರೆ ಭಿಕ್ಷುಕಿಯಾಗಿ.

ಹೆಣ್ಣಿನ ದುಡಿಮೆ ಹೆಣ್ಣಿನ ಬಾಯಲ್ಲೇ ಕಾವ್ಯವಾದುದನ್ನು ಕಾಣಲು ಹನ್ನೆರಡನೆಯ ಶತಮಾನದ ಶರಣೆಯರತ್ತ ಹೋಗಬೇಕು. ಕದಿರ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು. ಇವರ ಹೆಸರಿಗೇ ಕಾಯಕ ಅಂಟಿಕೊಂಡಿದೆ. ರಾಟೆಯ ಒಂದೊಂದು ಅಂಗದಲ್ಲಿ ರೆಮ್ಮವ್ವೆ ಒಂದೊಂದು ದೈವವನ್ನು ಕಾಣುವ ವಚನವನ್ನು ವಿದ್ವಾಂಸರು ಕೇವಲ ರೂಪಕವೆಂದು ಓದಿ ಮುಂದೆ ಸಾಗುವುದುಂಟು. ದಿನವೂ ರಾಟೆ ತಿರುಗಿಸದವಳು ಅದರ ಬಿಡಿಭಾಗಗಳನ್ನು ಹಾಗೆ ಎಣಿಸಲಾರಳೆಂಬುದು ನನ್ನ ಅಭಿಪ್ರಾಯ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವು 1369ರಲ್ಲಿ ಭೀಮಕವಿಯಿಂದ ಕನ್ನಡಕ್ಕೆ ಬಂದಿತು. ಪುರಾಣದಲ್ಲಿ ಉಳಿಯುವುದು ಭಕ್ತರ ಕಥೆಯೇ ಹೊರತು ದುಡಿಯುವವಳ ಸ್ವಂತ ಮಾತಲ್ಲ.

ಆ ಮಾತು ಮತ್ತೆ ಕೇಳಿಸುವುದು ಬೀಸುಕಲ್ಲಿನ ಬಳಿ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಲ್ಲಿ, ಕಾಣಿಸಿಕೊಂಡ ತ್ರಿಪದಿ ಇಲ್ಲಿ ಬೀಸುವ ಕೈಯ ಸುತ್ತಿಗೆ ಒಗ್ಗಿದೆ. ತವರಿನ ಅಗಲಿಕೆಗೆ, ಮನೆಯೊಳಗಿನ ಸಂಕಟಕ್ಕೆ ಮಳೆ, ಹೊಳೆ, ಬಳ್ಳಿಗಳೇ ನುಡಿಯಾಗುತ್ತವೆ.

ಗಣಿಯಲ್ಲಿ ಈ ನುಡಿ ಏನಾಯಿತು? ಇಪ್ಪತ್ತನೆಯ ಶತಮಾನದ ಆರಂಭದಿಂದ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅಗೆತ ನಡೆಯಿತು. ಬೀಸುವವಳ ಲಯ ಅವಳದೇ. ಅದಿರು ಒಡೆದು ಆರಿಸುವ ಹೆಣ್ಣಾಳಿನ ಲಯವನ್ನು ಗೊತ್ತುಮಾಡುವವನು ಮೇಸ್ತ್ರಿ. 1929ರ ನಿಯಮಗಳು ಸ್ತ್ರೀಯರನ್ನು ಭೂಗರ್ಭದ ಕೆಲಸದಿಂದ ಹಂತಹಂತವಾಗಿ ಹೊರಗಿಟ್ಟವು. ಯುದ್ಧಕಾಲದಲ್ಲಿ, 1943ರಲ್ಲಿ, ಕಲ್ಲಿದ್ದಲ ಗಣಿಗಳಿಗೆ ಅವರನ್ನು ಮರಳಿ ಕರೆದು 1946ರಲ್ಲಿ ಮತ್ತೆ ಹೊರಗೆ ಕಳುಹಿಸಲಾಯಿತು. ಅವರು ಬೇಕಾದದ್ದೂ ಬೇಡವಾದದ್ದೂ ಕಡತಗಳಲ್ಲಿದೆ. ಅವರ ದುಃಖ ಕಡತದ ವಿಷಯವಲ್ಲ. 1993ರ ತೆಲುಗು ಸ್ತ್ರೀವಾದಿ ಸಂಕಲನ 'ನೀಲಿ ಮೇಘಾಲು' ಈ ಮೌನವನ್ನು ಬೇರೊಂದು ಕಡೆಯಿಂದ ಮುರಿಯಿತು. ವಿಮಲ ಅವರ 'ವಂಟಿಲ್ಲು' ಅಡುಗೆಮನೆಯನ್ನೇ ದುಡಿಮೆಯ ತಾಣವಾಗಿ ಕಂಡಿತು.

ಹುಬ್ಬಳ್ಳಿಯಿಂದ ಬಳ್ಳಾರಿ, ಗುಂತಕಲ್ ಮಾರ್ಗವಾಗಿ ವಿಜಯವಾಡ ತಲುಪುವ ರೈಲುದಾರಿಯ ಊರುಗಳಲ್ಲಿ ಕನ್ನಡ, ತೆಲುಗು ಬೆರೆತೇ ಇವೆ. ಅಲ್ಲಿ ಅದಿರು ಆರಿಸಿದ ಮುದುಕಿಯರು ಹಾಡಿದ್ದರೆ ಅದು ಯಾವ ಭಾಷೆಯದೆಂದು ಮೊದಲೇ ಕೇಳುವ ಸಂಗ್ರಾಹಕನಿಗೆ ಆ ಹಾಡು ದಕ್ಕದು. ಎರಡೂ ಭಾಷೆ ಬಲ್ಲ ಹೊರನಾಡ ಸಂಶೋಧಕರೇ ಈ ಕೆಲಸಕ್ಕೆ ತಕ್ಕವರು. ಆ ಮುದುಕಿಯರು ಇರುವಾಗಲೇ ಅದು ಆಗಬೇಕು.